ಕಡತ ಸರ್ವರಿನ ಭದ್ರತಾ ವಿಧಾನಗಳು: ಸಾಂಬಾ ತಂತ್ರಾಂಶದ ಪರಿಶೀಲನೆ

ಕಡತಗಳನ್ನು ಒಂದೇ ಗಣಕದಲ್ಲಿರಿಸಿ, ಜಾಲದ ಮೂಲಕ ಅನೇಕರು ಅವನ್ನು ಬಳಸುವ ವ್ಯವಸ್ಥೆಯು ವಿದ್ಯಾಸಂಸ್ಥೆಗಳಲ್ಲಿ ಸಾಮಾನ್ಯವಾಗಿದೆ. ಧಾರವಾಡದ ಒಂದು ವಿಭಾಗದ ಸರ್ವರಿನಲ್ಲಿ ಸಂಶೋಧನ ಪ್ರಬಂಧಗಳ ಕರಡುಗಳೂ ಪರೀಕ್ಷೆಯ ಅಂಕಪಟ್ಟಿಗಳೂ ಒಟ್ಟಿಗಿವೆಯೆಂದೂ, ಹುಬ್ಬಳ್ಳಿಯ ಕಾಲೇಜಿನ ಅಧ್ಯಾಪಕರು ಅವುಗಳಲ್ಲಿ ಕೆಲವನ್ನು ಮಾತ್ರ ನೋಡತಕ್ಕದ್ದೆಂದೂ ಭಾವಿಸೋಣ. ಕಡತವನ್ನು ಕೇಳುವವರು ಯಾರು, ಅವರು ಹೇಳಿದ ಹೆಸರು ಅವರದೇ ಎಂಬುದಕ್ಕೆ ಹೊಣೆ ಯಾರು? ಈ ಪ್ರಶ್ನೆಗೆ ಸರ್ವರು ಕೊಡುವ ಉತ್ತರವೇ ಅದರ ಭದ್ರತಾ ವಿಧಾನ.

ಯುನಿಕ್ಸ್ ಮತ್ತು ಲಿನಕ್ಸ್ ಗಣಕಗಳು ವಿಂಡೋಸ್ ಗಣಕಗಳಿಗೆ ಕಡತಗಳನ್ನೊದಗಿಸುವಂತೆ ಮಾಡುವ ಸಾಂಬಾ ತಂತ್ರಾಂಶದಲ್ಲಿ ಈ ಉತ್ತರವು ಹಲವು ರೂಪಗಳನ್ನು ತಳೆದಿದೆ. ಆಸ್ಟ್ರೇಲಿಯದ ಕ್ಯಾನ್‌ಬೆರದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಅವರು 1991-92ರಲ್ಲಿ ಆರಂಭಿಸಿದ ಕಾರ್ಯವಿದು.

ಮೊದಲನೆಯದಾದ 'ಷೇರ್' ವಿಧಾನದಲ್ಲಿ ಪಾಸ್‌ವರ್ಡು ವ್ಯಕ್ತಿಗೆ ಸೇರಿದುದಲ್ಲ, ಕಡತಕೋಶಕ್ಕೆ ಸೇರಿದುದು. ಯುನಿಕ್ಸಿನಲ್ಲಾದರೋ ಪ್ರತಿಯೊಂದು ಕೆಲಸವೂ ಒಬ್ಬ ಬಳಕೆದಾರನ ಹೆಸರಿನಲ್ಲಿಯೇ ನಡೆಯಬೇಕು. ಆದುದರಿಂದ ಸಾಂಬಾ ತನಗೆ ತಿಳಿದ ಕೆಲವು ಹೆಸರುಗಳೊಡನೆ ಆ ಪಾಸ್‌ವರ್ಡನ್ನು ಹೊಂದಿಸಿ ನೋಡಬೇಕಾಗುತ್ತಿತ್ತು. ಊಹೆಯಿಂದ ಗುರುತಿಸುವ ಈ ಪದ್ಧತಿ ದೃಢವಾದುದಲ್ಲ. 'ಯೂಸರ್' ವಿಧಾನದಲ್ಲಿ ಬಳಕೆದಾರನು ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಮೊದಲೇ ತಿಳಿಸುವನು. ಕಡತಕೋಶದ ಮಾತು ಆಮೇಲೆ. ಇಲ್ಲಿ ಹೊಣೆಯು ಆ ಸರ್ವರಿನದೇ. ಆದರೆ ಸರ್ವರುಗಳು ಹತ್ತಾದರೆ ಹೆಸರಿನ ಪಟ್ಟಿಗಳೂ ಹತ್ತಾಗುವುವು.

ಈ ತೊಡಕನ್ನು ನಿವಾರಿಸಲು ಬಂದುದು 'ಸರ್ವರ್' ವಿಧಾನ. ಸಾಂಬಾ ತನಗೆ ಬಂದ ಪಾಸ್‌ವರ್ಡನ್ನು ಮತ್ತೊಂದು ಸರ್ವರಿಗೆ ಒಪ್ಪಿಸಿ, ಅದು ಒಪ್ಪಿದರೆ ತಾನೂ ಒಪ್ಪುತ್ತಿತ್ತು. ಆ ಸರ್ವರು ಎಲ್ಲರನ್ನೂ ಒಳಗೆ ಬಿಡುವಂಥದಾದರೇನು ಗತಿ? ಅದನ್ನು ಪರೀಕ್ಷಿಸಲು ಸಾಂಬಾ ಬೇಕೆಂದೇ ಒಂದು ತಪ್ಪು ಪಾಸ್‌ವರ್ಡನ್ನು ಮೊದಲು ಕಳುಹಿಸುತ್ತಿತ್ತು. ಇದರ ಫಲವಾಗಿ ನಿರಪರಾಧಿಯಾದ ಬಳಕೆದಾರನ ಖಾತೆಯೇ ಮುಚ್ಚಿಹೋಗುವ ಸಂಭವವಿತ್ತು. ಅಲ್ಲದೆ, ಬಳಕೆದಾರನ ಸಂಪರ್ಕವಿರುವವರೆಗೂ ಆ ಸರ್ವರಿನೊಡನೆ ಇನ್ನೊಂದು ಸಂಪರ್ಕವನ್ನು ತೆರೆದಿಟ್ಟಿರಬೇಕಾಗಿತ್ತು.

'ಡೊಮೇನ್' ವಿಧಾನವು ಬೇರೊಂದು ತಳಹದಿಯ ಮೇಲೆ ನಿಂತಿದೆ. ಇಲ್ಲಿ ಸರ್ವರಿಗೇ ಡೊಮೇನಿನಲ್ಲಿ ಒಂದು ಖಾತೆಯುಂಟು. ಅದಕ್ಕೂ ಡೊಮೇನಿನ ನಿಯಂತ್ರಕ ಗಣಕಕ್ಕೂ ಮಾತ್ರ ತಿಳಿದ ಗುಪ್ತಪದವುಂಟು. ಆ ಗುಪ್ತಪದದಿಂದ ಏರ್ಪಟ್ಟ ರಕ್ಷಿತ ಮಾರ್ಗದಲ್ಲಿ ಸಾಂಬಾ ವಿಚಾರಿಸಿದಾಗ, ನಿಯಂತ್ರಕವು ಬಳಕೆದಾರನು ಸಾಚಾ ಎಂದು ತಿಳಿಸುವುದಲ್ಲದೆ, ಅವನು ಯಾವ ಯಾವ ಗುಂಪುಗಳಿಗೆ ಸೇರಿದವನೆಂಬುದನ್ನೂ ತಿಳಿಸುವುದು. ಮಧ್ಯವರ್ತಿಯು ಇಲ್ಲಿ ಸದಸ್ಯನಾದಂತಾಯಿತು. 2003ರಲ್ಲಿ ಬಂದ 3.0ನೆಯ ಆವೃತ್ತಿಯಿಂದ 'ಎ.ಡಿ.ಎಸ್.' ವಿಧಾನವು ದೊರೆಯಿತು. ಇದರಲ್ಲಿ ಪಾಸ್‌ವರ್ಡಿನ ಬದಲು ಕೆರ್ಬರೋಸ್ ಪದ್ಧತಿಯ ಟಿಕೆಟ್ಟು ಬಳಕೆಯಾಗುವುದು. ಟಿಕೆಟ್ಟಿಗೆ ಕಾಲಮಿತಿಯಿರುವುದರಿಂದ ಗಣಕಗಳ ಗಡಿಯಾರಗಳು ಹೊಂದಿರಬೇಕು. ವಾಡಿಕೆಯ ಮಿತಿಯಾದ 5 ನಿಮಿಷಕ್ಕಿಂತ ಹೆಚ್ಚು ಅಂತರವಾದರೆ ಸರಿಯಾದ ಟಿಕೆಟ್ಟೂ ತಿರಸ್ಕೃತವಾಗುವುದು.

2012ರ ಡಿಸೆಂಬರಿನಲ್ಲಿ ಹೊರಬಂದ 4.0ನೆಯ ಆವೃತ್ತಿಯು 'ಷೇರ್' ಮತ್ತು 'ಸರ್ವರ್' ವಿಧಾನಗಳನ್ನು ಕೈಬಿಟ್ಟಿತು. ಸಾಂಬಾ ತಾನೇ ಆ್ಯಕ್ಟಿವ್ ಡೈರೆಕ್ಟರಿ ಡೊಮೇನಿನ ನಿಯಂತ್ರಕವಾಗಲು ಶಕ್ತವಾದುದೂ ಆಗಲೇ.

ಮೇಲಿನ ವಿವೇಚನೆಯಿಂದ ನಾವು ಕಂಡುಕೊಳ್ಳುವುದಿಷ್ಟು: ಒಂದೇ ಸರ್ವರುಳ್ಳ ಸಣ್ಣ ವಿಭಾಗಕ್ಕೆ 'ಯೂಸರ್' ವಿಧಾನವು ಸಾಕು. ಹಲವು ವಿಭಾಗಗಳಿಗೆ ಸಮಾನವಾದ ಡೊಮೇನು ಇರುವಲ್ಲಿ 'ಎ.ಡಿ.ಎಸ್.' ವಿಧಾನವು ಯೋಗ್ಯ. ಸಂಸ್ಥೆಯನ್ನು ಬಿಟ್ಟುಹೋದವರ ಖಾತೆಯನ್ನು ಒಂದೆಡೆ ರದ್ದುಮಾಡಿದರೆ ಅವರಿಗೆ ಎಲ್ಲ ಸರ್ವರುಗಳ ಬಾಗಿಲೂ ಮುಚ್ಚುವುದು. ಆದರೆ ಈ ವಿಧಾನಗಳು ಬಂದವರು ಯಾರೆಂಬುದನ್ನು ಮಾತ್ರ ನಿರ್ಣಯಿಸುತ್ತವೆ. ಅಂಕಪಟ್ಟಿಯನ್ನು ಯಾರು ತೆರೆಯಬಹುದು, ಯಾರು ತಿದ್ದಬಹುದು ಎಂಬ ಅನುಮತಿಗಳನ್ನು ಕಡತಕೋಶಗಳ ಮೇಲೆ ವಿಭಾಗವೇ ಬೇರೆಯಾಗಿ ವಿಧಿಸಬೇಕು.