ಸಿನಿಮಾಕ್ಕೂ ಸಂಗೀತಕ್ಕೂ ಒಗ್ಗುವ ಸ್ಪೀಕರ್

ಸೋದರಿಯರೇ, ಮಿಕ್ಸಿ ಕೊಳ್ಳುವಾಗ ಮನೆಯವರು ನಮ್ಮನ್ನು ಕೇಳುತ್ತಾರೆ. ಕುಕ್ಕರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಎಲ್ಲಕ್ಕೂ ನಮ್ಮ ಒಪ್ಪಿಗೆ ಬೇಕು. ಆದರೆ ಹೋಮ್ ಥಿಯೇಟರ್ ತರುವ ದಿನ ಮಾತ್ರ 'ಅದೆಲ್ಲ ನಿನಗೇನು ಗೊತ್ತಾಗುತ್ತೆ, ಸುಮ್ನಿರು' ಎಂದು ಅಪ್ಪ ಮಕ್ಕಳೇ ಹೋಗಿ ಹೊತ್ತು ತರುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ತಪ್ಪು ಅವರದಷ್ಟೇ ಅಲ್ಲ, ನನಗೇಕೆ ಬೇಕು ಎಂದು ನಾನೂ ಸುಮ್ಮನಿದ್ದೆ. ಅದರ ಬೆಲೆ ತೆತ್ತವರು ಮಾತ್ರ ನಮ್ಮ ಮಾವನವರು. ಆ ಕಥೆಯನ್ನೂ, ಅದರಿಂದ ನಾನು ಕಲಿತದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ. ನೀವಾದರೂ ದುಡ್ಡು ಕೊಡುವ ಮುಂಚೆಯೇ ಎಚ್ಚರವಾಗಿರಿ.

ನಮ್ಮದು ಕರಿಘಟ್ಟದ ಮಗ್ಗುಲಿನ ಊರು. ಬೆಟ್ಟದ ಮೇಲೆ ಕಪ್ಪು ಶಿಲೆಯ ಶ್ರೀನಿವಾಸ, ಕೆಳಗೆ ಲೋಕಪಾವನಿ, ಸುತ್ತ ಕಬ್ಬು ಭತ್ತದ ಗದ್ದೆ. ಮೈಸೂರು ಹತ್ತಿರವಾದ್ದರಿಂದ ಅಲ್ಲಿನ ರೇಡಿಯೋ ನಮ್ಮ ಕಡೆಯ ಹಿರಿಯರಿಗೆ ಮನೆಯ ನೆಂಟನಿದ್ದ ಹಾಗೆ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು ಎಂದು ಮಾವನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ರಾಗಗಳ ಹೆಸರು ಗೊತ್ತಿಲ್ಲ. ಆದರೂ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ನಾಲ್ಕು ಮೀಟು ಕೇಳುವಷ್ಟರಲ್ಲಿ ಗುರುತಿಸಿಬಿಡುತ್ತಾರೆ.

ಆರು ಪೆಟ್ಟಿಗೆ ಬಂದ ದಿನ

ಮಗನಿಗೆ 2022ರಲ್ಲಿ ಬಂದ 'ಕಾಂತಾರ'ವನ್ನು ಮನೆಯಲ್ಲೇ ಥಿಯೇಟರಿನ ಹಾಗೆ ನೋಡಬೇಕೆಂಬ ಆಸೆ. ನಾನು ಡೈರಿಗೆ ಹಾಕಿದ ಹಾಲಿನ ದುಡ್ಡಿನಲ್ಲಿ ಕಟ್ಟಿದ ಚೀಟಿ ಎತ್ತಿ ಕೊಟ್ಟೆ. ಅಂಗಡಿಯಿಂದ ಐದು ಪುಟ್ಟ ಪೆಟ್ಟಿಗೆ, ಒಂದು ದೊಡ್ಡ ಸಬ್‌ವೂಫರ್ ಬಂದವು. ಇದನ್ನೇ 5.1 ಎನ್ನುತ್ತಾರೆ. ಐದು ಎಂದರೆ ಎಡ, ಬಲ, ನಡು ಮತ್ತು ಹಿಂದಿನ ಎರಡು. ಆ ಒಂದು ಎಂದರೆ ಗುಡುಗಿನಂಥ ತಗ್ಗು ನಾದಕ್ಕೆಂದೇ ಇರುವುದು. ಮೊದಲ ದಿನ ಗೋಡೆ ಅದುರಿತು, ಮಕ್ಕಳು ಕುಣಿದರು, ಅಕ್ಕಪಕ್ಕದವರು ಬಂದು ನೋಡಿದರು.

ಮಾವನವರಿಗೆಂದು ಮಗ ವೀಣೆ ಹಾಕಿಕೊಟ್ಟ. ಐದು ನಿಮಿಷ ಕೂತರು, ಎದ್ದುಹೋದರು. 'ಮಾತೇ ಗೊತ್ತಾಗಕ್ಕಿಲ್ಲ ಕಣವ್ವ, ಒಳಗೆ ಯಾರೋ ಒನಕೆಲಿ ಕುಟ್ದಂಗಾಯ್ತದೆ' ಎಂದರು. ನಾನು, 'ನಿಮಗೆ ಕಿವಿ ಮಂದ ಆಗಿದೆ ಮಾವ, ಎಲ್ಲರಿಗೂ ಚೆನ್ನಾಗೇ ಕೇಳ್ತಾ ಇದೆಯಲ್ಲ' ಎಂದುಬಿಟ್ಟೆ. ಅವರು ಮರುಮಾತಾಡಲಿಲ್ಲ. ಮಾರನೆಯ ದಿನದಿಂದ ಹಳೆಯ ರೇಡಿಯೋವನ್ನು ಜಗಲಿಗೆ ಒಯ್ದುಕೊಂಡರು. ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ನಮ್ಮ ಜೊತೆ ಕೂರುವುದನ್ನೇ ನಿಲ್ಲಿಸಿದರು. ನಾಲ್ಕು ತಿಂಗಳು ಹೀಗೇ ನಡೆಯಿತು.

ಬೈರಿಗೆ ಬಂದದ್ದು ಒಂದು ಮಧ್ಯಾಹ್ನ. ಮನೆಯಲ್ಲಿ ಯಾರೂ ಇಲ್ಲದಾಗ ಅವರೆಕಾಯಿ ಸುಲಿಯುತ್ತ ನಾನೇ ವಾರ್ತೆ ಹಾಕಿಕೊಂಡೆ. ದನಿ ಜೋರಾಗಿದೆ, ಆದರೆ ಅರ್ಧ ಮಾತು ಹಿಡಿಯುತ್ತಿಲ್ಲ. ಎದ್ದು ಹೋಗಿ ಬರೀ ಟಿವಿಯದೇ ದನಿಯಲ್ಲಿ ಕೇಳಿದೆ. ಮಾತು ತಿಳಿಯಿತು! ಮಂದವಾಗಿದ್ದು ಮಾವನವರ ಕಿವಿಯಷ್ಟೇ ಅಲ್ಲ, ನಮ್ಮ ಪೆಟ್ಟಿಗೆಗಳೂ ಮಂದವೇ ಎಂದು ಆಗ ನನಗೆ ಹೊಳೆಯಿತು.

ಮಾತು ಏಕೆ ಕೆಡುತ್ತದೆ?

ಪಾಲಿಟೆಕ್ನಿಕ್‌ನಲ್ಲಿ ಓದಿದ ನನ್ನ ತಮ್ಮ ಇದನ್ನು ಬಿಡಿಸಿ ಹೇಳಿದ. ಸಾಮಾನ್ಯವಾಗಿ ಗಂಡಸಿನ ಮಾತಿನ ತಳದ ದನಿ ಸುಮಾರು 85ರಿಂದ 180 ಹರ್ಟ್ಸ್‌ನಲ್ಲಿರುತ್ತದೆ. ಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ಅಂಗೈಯಗಲದ ಪುಟ್ಟ ಪೆಟ್ಟಿಗೆಗೆ ಅಷ್ಟು ತಗ್ಗಿನ ದನಿ ಹೊರಡಿಸುವ ಶಕ್ತಿ ಇರುವುದಿಲ್ಲ. ಆ ಭಾಗವನ್ನೂ ಸಬ್‌ವೂಫರಿಗೇ ತಳ್ಳಬೇಕಾಗುತ್ತದೆ. ಹೀಗೆ ಒಬ್ಬನೇ ಗಾಯಕನ ದನಿ ಎರಡು ತುಂಡಾಗಿ, ಮೇಲಿನ ಭಾಗ ಗೋಡೆಯಿಂದಲೂ ಕೆಳಗಿನ ಭಾಗ ಮೂಲೆಯಿಂದಲೂ ಬರುತ್ತದೆ. ಮೂಲೆಯ ಗುಂಯ್ ಎನ್ನುವ ನಾದ ಸ, ತ, ಕ, ಪದಂಥ ಮೆಲು ಅಕ್ಷರಗಳನ್ನು ಮುಚ್ಚಿಹಾಕುತ್ತದೆ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೇ ಇಂಥ ಎತ್ತರದ ದನಿಗಳನ್ನು. ಹಾಗಾಗಿ ನಮಗಿಂತ ಮುಂಚೆ ಅವರಿಗೆ ತೊಂದರೆ ಗೊತ್ತಾಗುತ್ತದೆ.

ಹುಣಿಸೆಹಣ್ಣು, ಖಾರ ಅಳತೆ ಮೀರಿದರೆ ಬೇಳೆಯ ರುಚಿ ಎಲ್ಲಿ ತಿಳಿಯುತ್ತದೆ? ಸಿನಿಮಾದ ಹೊಡೆದಾಟಕ್ಕೆ ಆ ಖಾರ ನಡೆಯುತ್ತದೆ. ವೀಣೆಗೆ, ಹಾಡಿಗೆ ನಡೆಯುವುದಿಲ್ಲ. ಆದ್ದರಿಂದ ಸಂಗೀತಕ್ಕೆ ಒಗ್ಗುವ ಸ್ಪೀಕರನ್ನೇ ಮೊದಲು ಆರಿಸಿ. ಅದು ಸಿನಿಮಾವನ್ನೂ ಚೆನ್ನಾಗಿಯೇ ಕೇಳಿಸುತ್ತದೆ. ಸಿನಿಮಾದ ಅಬ್ಬರಕ್ಕೆಂದೇ ಮಾಡಿದ ಅಗ್ಗದ ಪೆಟ್ಟಿಗೆ ಸಂಗೀತವನ್ನು ಕೇಳಿಸಲಾರದು.

ಮೊದಲು ಎರಡೇ ಸಾಕು

ಎರಡು ಪೆಟ್ಟಿಗೆಯ ಸ್ಟೀರಿಯೋ ಸಂಗೀತಕ್ಕೆಂದೇ ಹುಟ್ಟಿತು ಎಂದುಕೊಂಡಿದ್ದೆ. ಆದರೆ ಅದಕ್ಕೆ ಸಿನಿಮಾದ ನಂಟೂ ಇದೆಯಂತೆ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್‌ಲೀನ್ ಮುಂದೆ ತಮ್ಮ ಹೆಂಡತಿಯಾಗಲಿದ್ದವರೊಡನೆ ಸಿನಿಮಾಕ್ಕೆ ಹೋಗಿದ್ದರಂತೆ. ಪರದೆಯ ಮೇಲೆ ನಟ ಈ ಕಡೆಯಿಂದ ಆ ಕಡೆ ಹೋದರೂ ದನಿ ಮಾತ್ರ ಒಂದೇ ಕಡೆಯಿಂದ ಬರುತ್ತಿತ್ತು. 'ಇದನ್ನು ಸರಿಮಾಡುವ ದಾರಿ ನನಗೆ ಗೊತ್ತು' ಎಂದು ಅವರು ಆಕೆಗೆ ಹೇಳಿದರೆಂದು ಕಥೆ. 1931ರ ಡಿಸೆಂಬರಿನಲ್ಲಿ ಅವರು ಸ್ಟೀರಿಯೋ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದಂತೂ ದಾಖಲೆಯಲ್ಲಿದೆ. ಅಂದಮೇಲೆ ಎರಡು ಒಳ್ಳೆಯ ಪೆಟ್ಟಿಗೆ ಸಿನಿಮಾಕ್ಕೆ ಸಾಲದು ಎನ್ನುವವರ ಮಾತಿಗೆ ಹೆದರಬೇಡಿ. ಎರಡರ ನಡುವೆ ನೇರವಾಗಿ ಕೂತರೆ ಮಾತು ಪರದೆಯಿಂದಲೇ ಬಂದ ಹಾಗೆ ಕೇಳುತ್ತದೆ.

ಕೈಯಲ್ಲಿರುವ ದುಡ್ಡನ್ನು ಆರು ಪೆಟ್ಟಿಗೆಗೆ ಹಂಚಬೇಡಿ, ಎರಡಕ್ಕೆ ಹಾಕಿ. ಐದರಿಂದ ಆರೂವರೆ ಅಂಗುಲದ ವೂಫರ್ ಇರುವ, ಪುಸ್ತಕದ ಕಪಾಟಿನ ಮೇಲೆ ಇಡುವಂಥ ಜೊತೆ ನಮ್ಮಂಥವರ ನಡುಮನೆಗೆ ಸಾಕು. ಮುಂದೆ ಬೆಳೆಸುವ ಆಸೆಯಿದ್ದರೆ ಯಂತ್ರವನ್ನು ಮಾತ್ರ ಮೊದಲೇ 5.1ರ ರಿಸೀವರ್ ಆಗಿ ಕೊಳ್ಳಿ. ಅದರ ಸೆಟ್ಟಿಂಗ್‌ನಲ್ಲಿ 'ನಡುವಿನ ಸ್ಪೀಕರ್ ಇಲ್ಲ' ಎಂದು ತಿಳಿಸಿದರೆ ಸಿನಿಮಾದ ಸಂಭಾಷಣೆ ಎಡಬಲ ಎರಡಕ್ಕೂ ಹಂಚಿಹೋಗುತ್ತದೆ. ಆಮೇಲೆ ನಡುವಿನದನ್ನು, ಅದರ ನಂತರ ಸಬ್‌ವೂಫರನ್ನು, ಕೊನೆಗೆ ಹಿಂದಿನವನ್ನು ಸೇರಿಸಿಕೊಳ್ಳಬಹುದು. ಮುಂದಿನ ಮೂರೂ ಒಂದೇ ಕಂಪನಿಯ ಒಂದೇ ಸಾಲಿನವಾಗಿದ್ದರೆ ದನಿಯ ಬಣ್ಣ ಬದಲಾಗದು. ಸಬ್‌ವೂಫರ್ ಬಂದ ಮೇಲೂ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ಅದಕ್ಕೆ ಬಿಡಿ. ಸಂಗೀತಕ್ಕೆ ರಿಸೀವರಿನಲ್ಲಿ 'ಸ್ಟೀರಿಯೋ' ಒತ್ತಿಕೊಳ್ಳಿ.

ಮನೆ ತೀರಾ ಚಿಕ್ಕದು, ತಂತಿ ಎಳೆಯಲು ಜಾಗವಿಲ್ಲ ಎನ್ನುವವರಿಗೆ ಸೌಂಡ್‌ಬಾರ್ ಇದೆ. ಒಳ್ಳೆಯದನ್ನು ಆರಿಸಿದರೆ ಮಾತು ಸ್ಪಷ್ಟವಾಗಿರುತ್ತದೆ. ಎಡಬಲ ಹತ್ತಿರವೇ ಇರುವುದರಿಂದ ಕಚೇರಿಯ ಹರವು ಮಾತ್ರ ಅಷ್ಟು ಸಿಗದು.

ವಾಟ್ಸಿನ ಮೋಡಿ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆಯುವ 'ಪಿಎಂಪಿಒ' ಸಾವಿರಗಳಿಗೆ ಮರುಳಾಗಬೇಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ. 'ಆರ್‌ಎಂಎಸ್' ಎಷ್ಟು ಎಂದು ಕೇಳಿ. ವಾಟ್ಸ್ ಎರಡರಷ್ಟಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತರಷ್ಟು ವಾಟ್ಸ್ ಬೇಕು. ಜೊತೆಗೆ ಸ್ಪೀಕರಿನ 'ಸೆನ್ಸಿಟಿವಿಟಿ' ನೋಡಿ. 85ರ ಬದಲು 88 ಡೆಸಿಬೆಲ್ ಇರುವುದನ್ನು ಕೊಂಡರೆ ಯಂತ್ರದ ಶಕ್ತಿ ಎರಡರಷ್ಟಾದ ಹಾಗೆ. ಸ್ಪೀಕರಿನ ಓಮ್ಸ್ ನಿಮ್ಮ ಯಂತ್ರಕ್ಕೆ ಹೊಂದುತ್ತದೆಯೇ ಎಂದೂ ಕೇಳಿಕೊಳ್ಳಿ.

ಅಂಗಡಿಯಲ್ಲಿ ಕಿವಿಯ ಪರೀಕ್ಷೆ

ಅಕ್ಕಿ ಕೊಳ್ಳುವಾಗ ಹಿಡಿಯಷ್ಟು ಕೈಗೆ ಸುರಿದುಕೊಂಡು ನೋಡುವುದಿಲ್ಲವೇ? ಇದೂ ಹಾಗೆಯೇ. ಎರಡನೇ ಸಲ ಮೈಸೂರಿಗೆ ಹೋಗುವಾಗ ನಾನೂ ಹೊರಟೆ, ಮಾವನವರನ್ನೂ ಹೊರಡಿಸಿದೆ. 'ಬುಡವ್ವ, ನನ್ ಕಿವಿನೇ ಸರಿಯಿಲ್ಲ ಅಂದಿದ್ದೆ ನೀನು' ಎಂದರು. ನನಗೆ ತಲೆ ಎತ್ತಲಾಗಲಿಲ್ಲ. 'ತಪ್ಪಾಯ್ತು ಮಾವ, ನೀವು ಬಂದ್ರೇನೇ ತಗೊಳ್ಳೋದು' ಎಂದು ಕರೆದುಕೊಂಡು ಹೋದೆ.

ಮೊಬೈಲಿನಲ್ಲಿ ಮೂರು ತುಂಡು ಒಯ್ದಿದ್ದೆವು. ಒಂದು, ವೀಣೆ ಮತ್ತು ಮೃದಂಗ. ಎರಡು, ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಇಬ್ಬರೂ ಹಾಡಿರುವ 1966ರ 'ಸಂಧ್ಯಾರಾಗ'ದ ಹಾಡು. ಮೂರು, ಮಗನ ಇಷ್ಟದ ಸಿನಿಮಾ ದೃಶ್ಯ. ಅಂಗಡಿಯವರು ತಮ್ಮದೇ ಅಬ್ಬರದ ಹಾಡು ಹಾಕಲು ಹೊರಟರು, ಬೇಡ ಎಂದೆ. ದನಿಯನ್ನು ಮನೆಯಲ್ಲಿ ಇಡುವಷ್ಟಕ್ಕೆ ತಗ್ಗಿಸಿರಿ ಎಂದೆ. ಒಳ್ಳೆಯ ಸ್ಪೀಕರು ಮೆಲುದನಿಯಲ್ಲೂ ಅಕ್ಷರ ನುಂಗುವುದಿಲ್ಲ. ಎರಡು ಜೊತೆಯನ್ನು ಹೋಲಿಸುವಾಗ ಎರಡರ ದನಿಯೂ ಒಂದೇ ಮಟ್ಟದಲ್ಲಿರಬೇಕು, ಏಕೆಂದರೆ ತುಸು ಜೋರಾಗಿ ನುಡಿದದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ವೀಣೆಯಲ್ಲಿ ಮೀಟಿದ ಮೇಲೆ ನಾದ ಮೆಲ್ಲಗೆ ಕರಗುವುದು ಕೇಳಬೇಕು. ಮೃದಂಗದ ಎಡಗೈ ಪೆಟ್ಟು ದುಂಡಗೆ ಬಂದು ನಿಲ್ಲಬೇಕು, ಗುಂಯ್ ಎಂದು ಎಳೆಯಬಾರದು. ಮಾತಿನಲ್ಲಿ 'ಸ' ಅಕ್ಷರ ಚುಚ್ಚಬಾರದು.

ನಾಲ್ಕು ಜೊತೆ ಕೇಳಿದೆವು. ಮಾವನವರು ಎಲ್ಲಕ್ಕೂ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಮೂರನೆಯದಕ್ಕೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಅದು ಎಲ್ಲಕ್ಕಿಂತ ದುಬಾರಿಯದೇನೂ ಆಗಿರಲಿಲ್ಲ. ಹಳೆಯ ಆರು ಪೆಟ್ಟಿಗೆಗೆ ಅರ್ಧ ಬೆಲೆಯೂ ಹುಟ್ಟಲಿಲ್ಲ, ಮಿಕ್ಕಿದ್ದಕ್ಕೆ ಇನ್ನೊಂದು ಚೀಟಿ ಎತ್ತಬೇಕಾಯಿತು.

ಮನೆಗೆ ತಂದ ಮೇಲೆ

ಒಳ್ಳೆಯ ಸ್ಪೀಕರೂ ಇಟ್ಟ ಜಾಗದಿಂದ ಕೆಡಬಹುದು. ಇವನ್ನು ನೆನಪಿಡಿ:

1. ಶೋಕೇಸಿನ ಗೂಡಿನೊಳಗೆ ಗೊಂಬೆಗಳ ನಡುವೆ ತುರುಕಬೇಡಿ. ಗೂಡೇ ಡೋಲಾಗಿಬಿಡುತ್ತದೆ. ಮೂಲೆಗೆ ತಳ್ಳಿದರೂ ಗುಂಯ್‌ಗುಡುತ್ತದೆ. ಗೋಡೆಯಿಂದ ಒಂದು ಮೊಳವಾದರೂ ಮುಂದಕ್ಕಿರಲಿ.

2. ಎರಡು ಪೆಟ್ಟಿಗೆಗಳ ನಡುವೆ ಎಷ್ಟು ದೂರವೋ, ಅವುಗಳಿಂದ ನೀವು ಕೂರುವ ಜಾಗಕ್ಕೂ ಸರಿಸುಮಾರು ಅಷ್ಟೇ ದೂರವಿರಲಿ. ಮೇಲಿನ ಚಿಕ್ಕ ಸ್ಪೀಕರು ಕೂತವರ ಕಿವಿಯ ಮಟ್ಟಕ್ಕೆ ಬರಲಿ.

3. ತಂತಿ ಸಿಕ್ಕಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ನನ್ನ ಮಗ ಅವಸರದಲ್ಲಿ ಒಂದನ್ನು ತಿರುಗುಮುರುಗು ಮಾಡಿದ್ದ. ತಗ್ಗು ನಾದ ಬಡವಾಗಿ, ಹಾಡುವವರು ಎಲ್ಲಿ ನಿಂತಿದ್ದಾರೆಂದೇ ತಿಳಿಯುತ್ತಿರಲಿಲ್ಲ.

4. ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ. ಟೈಲ್ಸ್ ನೆಲ, ಆರ್‌ಸಿಸಿ ಸೂರಿನ ಮನೆ 'ಟ್ರೀಂಯ್' ಎಂದರೆ ಜಮಖಾನ ಹಾಸಿ, ದಪ್ಪ ಪರದೆ ಹಾಕಿ. ಕಾಸಿಲ್ಲದೆ ಅರ್ಧ ದೋಷ ಹೋಗುತ್ತದೆ.

5. ಗುಡುಗು ಮಿಂಚಿನ ಸೂಚನೆ ಕಂಡರೆ ಪ್ಲಗ್ ಕಿತ್ತಿಡಿ.

6. ರಾತ್ರಿ ಹತ್ತರ ಮೇಲೆ ಸಬ್‌ವೂಫರ್ ಬೇಡ. ತಗ್ಗು ನಾದ ಗೋಡೆ ದಾಟಿ ಪಕ್ಕದ ಮನೆಯ ಹಸುಗೂಸನ್ನೂ ಎಬ್ಬಿಸುತ್ತದೆ.

ಇನ್ನೊಂದು ಮಾತು. ಮನೆಯ ಹಿರಿಯರು 'ಮಾತು ಗೊತ್ತಾಗ್ತಿಲ್ಲ' ಎಂದರೆ ಒಮ್ಮೆ ಕಿವಿಯ ಡಾಕ್ಟರಿಗೂ ತೋರಿಸಿ. ಮಾವನವರ ಎಡಗಿವಿ ಸ್ವಲ್ಪ ಮಂದವಾಗಿದ್ದುದು ನಿಜವೇ. ಈಗ ಅವರ ಖುರ್ಚಿಯನ್ನು ಬಲಗಿವಿಗೆ ಅನುಕೂಲವಾಗುವ ಕಡೆ ಹಾಕಿದ್ದೇವೆ. ಕಿವಿಯನ್ನೂ ಪೆಟ್ಟಿಗೆಯನ್ನೂ ಎರಡನ್ನೂ ನೋಡದೆ ಅವರನ್ನು ಗದರಿದ್ದೇ ನನ್ನ ತಪ್ಪು.

ಈಗ ಊಟವಾದ ಮೇಲೆ ಮಾವನವರು ನಡುಮನೆಯಲ್ಲೇ ಇರುತ್ತಾರೆ. ವಾರಕ್ಕೊಂದು ದಿನ ವೀಣೆ, ಒಂದು ದಿನ ಮಗನ ಸಿನಿಮಾ, ಮಿಕ್ಕ ದಿನ ನನ್ನ ಧಾರಾವಾಹಿ. ಮೊನ್ನೆ ಅದನ್ನೂ ಪೂರ್ತಿ ಕೂತು ಕೇಳಿದರು. ಮುಗಿದ ಮೇಲೆ ಎದ್ದು ಹೆಗಲಿಗೆ ಟವಲು ಹಾಕಿಕೊಳ್ಳುತ್ತ, 'ಈ ಅತ್ತೆ ಸೊಸೆ ಇಷ್ಟ್ ಕೆಟ್ಟದಾಗಿ ಬೈದಾಡ್ತಾರೆ ಅಂತ ಇಷ್ಟ್ ದಿನ ಗೊತ್ತೇ ಆಗಿರ್ನಿಲ್ಲ ಕಣವ್ವ' ಎಂದರು.