ಕರಾರು ಬರೆಸಿದ ಪಾದ್ರಿ, ದುರ್ಗದ ಮಕ್ಕಳು

ಚಿತ್ರದುರ್ಗ ಜಿಲ್ಲೆಗೆ ಮಳೆರಾಯನ ಮುನಿಸು ಹೊಸದಲ್ಲ. ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸು. 1933ರಲ್ಲಿ ಕೋಡಿ ಬಿದ್ದ ಹಿರಿಯೂರಿನ ಮಾರಿಕಣಿವೆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದರೆ ಈ ಸೀಮೆಯ ಬರದ ಅಂದಾಜು ಸಿಗುತ್ತದೆ. ಬೆಳೆ ಕೈಕೊಟ್ಟ ವರ್ಷ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಕೂಲಿ ಕುಟುಂಬಗಳು ಗಂಟುಮೂಟೆ ಕಟ್ಟಿ ಗುಳೆ ಹೊರಡುತ್ತವೆ.

ಅಪ್ಪ ಅಮ್ಮನ ಹಿಂದೆ ಮಗುವೂ ಹೊರಟರೆ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಸಾಲುಸಾಲು ಗೈರುಹಾಜರಿ. ಮೂರು ತಿಂಗಳು ಬಿಟ್ಟು ಬಂದ ಹುಡುಗನಿಗೆ ಭಿನ್ನರಾಶಿಯ ಪಾಠ ಮುಗಿದುಹೋಗಿರುತ್ತದೆ. ತಲೆ ತಗ್ಗಿಸಿ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಕಡೆಗೊಂದು ದಿನ ಬರುವುದನ್ನೇ ಬಿಡುತ್ತಾನೆ. ಬಡತನವು ಊಟದ ಜೊತೆಗೆ, ಓರಗೆಯವರ ನಡುವಿನ ಜಾಗವನ್ನೂ ಕಸಿದುಕೊಳ್ಳುವ ಬಗೆ ಇದು.

ಚಿತ್ರದುರ್ಗದ ಡಾನ್ ಬಾಸ್ಕೊ ಸಂಸ್ಥೆ ಕೈಹಾಕಿರುವುದು ಇಂಥ ಮಕ್ಕಳ ಕೆಲಸಕ್ಕೆ. ಸಲೇಷಿಯನ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘಕ್ಕೆ ಸೇರಿದ ಸಂಸ್ಥೆಯಿದು. 'ಡಾನ್' ಎಂದೊಡನೆ ಸಿನಿಮಾ ನೆನಪಾಗಿ ಮಕ್ಕಳು ನಗಬೇಕಿಲ್ಲ. ಇಟಲಿಯಲ್ಲಿ ಅದು ಪಾದ್ರಿಗಳನ್ನು ಗೌರವದಿಂದ ಕರೆಯುವ ಮಾತು. ಜಾನ್ ಬಾಸ್ಕೊ (1815–1888) ಬಡ ಒಕ್ಕಲು ಮನೆಯ ಮಗ. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಪಾದ್ರಿಯಾಗಿ ಟ್ಯೂರಿನ್ ನಗರಕ್ಕೆ ಬಂದಾಗ ಅವರು ಕಂಡದ್ದು ಹಳ್ಳಿಗಳಿಂದ ಗುಳೆ ಬಂದ ಹುಡುಗರನ್ನು. ಗಾರೆ ಕೆಲಸ, ಹೊಗೆಗೂಡು ಗುಡಿಸುವ ಕೆಲಸ, ಮೇಲೆ ಒಡೆಯನ ಏಟು.

ಅವರು ಆ ಹುಡುಗರಿಗೆ ಅನ್ನ, ಆಸರೆ, ಅಕ್ಷರ ಕೊಟ್ಟದ್ದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. 1852ರ ಫೆಬ್ರವರಿಯಲ್ಲಿ ಬಡಗಿಯೊಬ್ಬನ ಬಳಿ ಹುಡುಗನನ್ನು ಕೆಲಸ ಕಲಿಯಲು ಬಿಡುವಾಗ ಅವರು ಛಾಪಾ ಕಾಗದದ ಮೇಲೆ ಕರಾರು ಬರೆಸಿದರು. ತಪ್ಪು ಮಾಡಿದರೆ ಮಾತಿನಲ್ಲಿ ತಿದ್ದಬೇಕು, ಹೊಡೆಯಕೂಡದು. ಬಡಗಿ ಕೆಲಸ ಬಿಟ್ಟು ಬೇರೆ ಚಾಕರಿ ಮಾಡಿಸಕೂಡದು. ಹಬ್ಬದ ದಿನ ಬಿಡುವು. ವರ್ಷಕ್ಕೆ ಹದಿನೈದು ದಿನ ರಜೆ. ಒಡೆಯ, ಹುಡುಗ, ಪಾದ್ರಿ ಮೂವರ ಸಹಿಯೂ ಅದರಲ್ಲಿತ್ತು. ಗತಿಯಿಲ್ಲದ ಹುಡುಗನೂ ಸಹಿ ಹಾಕಬಲ್ಲ ಒಬ್ಬ ಮನುಷ್ಯ ಎಂದು ಒಡೆಯನಿಂದಲೇ ಒಪ್ಪಿಸಿದ ಕಾಗದ ಅದು.

ಸಲೇಷಿಯನ್ನರು 1906ರಲ್ಲಿ ತಂಜಾವೂರಿನ ಮೂಲಕ ಭಾರತಕ್ಕೆ ಬಂದರು. ಕರ್ನಾಟಕದಲ್ಲಿ ಇವರ ಬ್ರೆಡ್ಸ್ ಸಂಸ್ಥೆ 2010ರ ದಶಕದಲ್ಲಿ ಚಿತ್ರದುರ್ಗವೂ ಸೇರಿದಂತೆ ಹಲವು ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳ ಹಕ್ಕುಗಳ ಕ್ಲಬ್‌ಗಳನ್ನು ಕಟ್ಟಿತು. ಟ್ಯೂರಿನ್ನಿನಲ್ಲಿ ಪಾದ್ರಿಯೇ ನಿಂತು ಕರಾರು ಬರೆಸಬೇಕಿತ್ತು. ಇಲ್ಲಿ ಕರಾರು ಆಗಲೇ ಕಾನೂನಾಗಿದೆ, ಅದನ್ನು ಓದಿ ಹೇಳುವವರು ಬೇಕು ಅಷ್ಟೇ. ಕ್ರೈಸ್ತ ಸಂಸ್ಥೆ ಎಂದೊಡನೆ ಕೆಲವು ಪೋಷಕರಿಗೆ ಮತಾಂತರದ ಶಂಕೆ ಬರುವುದುಂಟು. ಆದರೆ ಮಕ್ಕಳ ಹಕ್ಕು ಎಂಬ ಪಾಠಕ್ಕೆ ಆಧಾರವಾಗಿರುವುದು 1989ರ ವಿಶ್ವಸಂಸ್ಥೆಯ ಒಡಂಬಡಿಕೆ ಮತ್ತು ನಮ್ಮ ಸಂಸತ್ತಿನ ಕಾಯ್ದೆಗಳು. ಭಾರತ ಆ ಒಡಂಬಡಿಕೆಯನ್ನು ಒಪ್ಪಿದ್ದು 1992ರಲ್ಲಿ.

ಕಾಯ್ದೆಯಲ್ಲೂ ಒಂದು ಕಿಂಡಿ ಉಳಿದಿದೆ. 2016ರ ತಿದ್ದುಪಡಿ 14 ವರ್ಷದೊಳಗಿನವರನ್ನು ದುಡಿಸುವುದನ್ನು ನಿಷೇಧಿಸಿತು. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಬಹುದು ಎಂದಿತು. ಹೊಲದ ಕೆಲಸದಲ್ಲಿ 'ನೆರವು' ಎಲ್ಲಿ ಮುಗಿಯಿತು, 'ದುಡಿಮೆ' ಎಲ್ಲಿ ಶುರುವಾಯಿತು ಎಂದು ಅಳೆಯುವವರಾರು? ಪಕ್ಕದ ಬೆಂಚು ಖಾಲಿಯಾದದ್ದು ಇನ್ಸ್‌ಪೆಕ್ಟರಿಗಿಂತ ಮೊದಲು ಸಹಪಾಠಿಗೆ ತಿಳಿಯುತ್ತದೆ. ಗೆಳೆಯ ಎಲ್ಲಿ ಹೋದ, ಯಾವಾಗ ಬರುತ್ತಾನೆ ಎಂಬ ಸುದ್ದಿಯೂ ಅವನ ಬಳಿಯೇ ಇರುತ್ತದೆ. ಅದನ್ನು ಮೇಷ್ಟರಿಗೆ ಹೇಳಬಹುದು. ಇಲ್ಲವೇ 1098ಕ್ಕೆ ಫೋನ್ ಮಾಡಬಹುದು; ಹಣ ಖರ್ಚಾಗುವುದಿಲ್ಲ. 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಈ ಮಕ್ಕಳ ಸಹಾಯವಾಣಿ 2023ರಲ್ಲಿ ಸರ್ಕಾರದ ಕೈಗೆ ಬಂದಿದೆ.