ಮಿಕ್ಕಿದ್ದು ಎಷ್ಟು?

ಪತ್ರಿಕೆಯಲ್ಲಿ ಬರುವ ಅಡಿಕೆ ಧಾರಣೆಯ ಪಟ್ಟಿಯನ್ನು ಬೆಳೆಗಾರರು ಒಂದು ಕಣ್ಣಿನಿಂದ ಓದುತ್ತಾರೆ. ಅದೇ ಪಟ್ಟಿಯನ್ನು ಅವರ ಮನೆಯ ಮಕ್ಕಳು ಇನ್ನೊಂದು ಕಣ್ಣಿನಿಂದ ಓದಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಊರುಗಳ ಹೆಸರಿನಡಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು. ಎದುರಿಗೆ ಕ್ವಿಂಟಲ್‌ಗೆ ಇಷ್ಟರಿಂದ ಇಷ್ಟು ಎಂದು ಐದಂಕಿಯ ಸಂಖ್ಯೆಗಳು. ಅವುಗಳಲ್ಲಿ 9ರಲ್ಲೋ 99ರಲ್ಲೋ ಮುಗಿಯುವವೇ ಹೆಚ್ಚು. 47,299 ಎಂಬ ಧಾರಣೆ ಇದೆ ಎಂದಿಟ್ಟುಕೊಳ್ಳೋಣ. ಇದು ಎರಡರಿಂದ ಭಾಗ ಹೋಗುವುದಿಲ್ಲ, ಐದರಿಂದಲೂ ಹೋಗುವುದಿಲ್ಲ. ಕೊನೆಯ ಅಂಕಿ ನೋಡಿದರೆ ಸಾಕು. ಅಂಕಿಗಳನ್ನು ಕೂಡಿದರೆ 31, ಆದ್ದರಿಂದ ಮೂರರಿಂದಲೂ ಇಲ್ಲ, ಒಂಬತ್ತರಿಂದಲೂ ಇಲ್ಲ. ಏಳರಿಂದ? ಇಲ್ಲಿ ಮಗು ನಿಂತುಬಿಡುತ್ತದೆ. ಎನ್‌ಸಿಇಆರ್‌ಟಿಯ ಆರನೇ ತರಗತಿಯ ಗಣಿತ ಪುಸ್ತಕ ಬಹುಕಾಲ ಕಲಿಸುತ್ತ ಬಂದದ್ದು 2, 3, 4, 5, 6, 8, 9, 10, 11ರ ಭಾಜ್ಯತೆಯ ನಿಯಮಗಳನ್ನು. ಏಳು ಆ ಸಾಲಿನಲ್ಲಿ ಇರಲಿಲ್ಲ. ಏಳಕ್ಕೆ ಅಂದವಾದ ನಿಯಮ ಇಲ್ಲವೆಂದು ಅದನ್ನು ಬಿಟ್ಟಿದ್ದರೆ ಅದು ದೊಡ್ಡ ನಷ್ಟ. ಉಳಿದ ಎಲ್ಲ ನಿಯಮಗಳ ಒಳಗುಟ್ಟನ್ನು ಬಿಟ್ಟುಕೊಡುವುದು ಏಳೇ ಎಂಬುದು ಈ ಲೇಖನದ ವಾದ.

ಆ ಒಳಗುಟ್ಟಿನ ಹೆಸರು ಶೇಷ. ಭಾಜ್ಯತೆಯನ್ನು ನಾವು ಹೌದು-ಇಲ್ಲದ ಪ್ರಶ್ನೆಯಾಗಿ ಕಲಿಸುತ್ತೇವೆ: ಭಾಗ ಹೋಗುತ್ತದೆಯೋ, ಇಲ್ಲವೋ? ಕೇಳಬೇಕಾದ ಪ್ರಶ್ನೆ ಬೇರೆ: ಮಿಕ್ಕಿದ್ದು ಎಷ್ಟು? ಒಂಬತ್ತರ ನಿಯಮವನ್ನೇ ನೋಡಿ. ಅಂಕಿಗಳ ಮೊತ್ತ ಒಂಬತ್ತರಿಂದ ಭಾಗ ಹೋದರೆ ಸಂಖ್ಯೆಯೂ ಹೋಗುತ್ತದೆ ಎಂದು ಬಾಯಿಪಾಠ ಮಾಡಿದ ಮಗುವಿಗೆ ಅದು ಮಂತ್ರ. ಅಂಗಳದಲ್ಲಿ ನೂರು ಅಡಿಕೆ ಎಣಿಸಿಟ್ಟು ಒಂಬತ್ತೊಂಬತ್ತಾಗಿ ತೆಗೆಯಲು ಹೇಳಿ. ಹನ್ನೊಂದು ಸಲ ತೆಗೆದ ಮೇಲೆ ಒಂದು ಅಡಿಕೆ ಉಳಿಯುತ್ತದೆ. ಹತ್ತು ಇಟ್ಟರೂ ಒಂದು ಉಳಿಯುತ್ತದೆ, ಸಾವಿರ ಇಟ್ಟರೂ ಒಂದೇ. ಹಾಗಾದರೆ 47,299ರಲ್ಲಿ ನಾಲ್ಕು ಹತ್ತುಸಾವಿರಗಳಿಂದ ನಾಲ್ಕು, ಏಳು ಸಾವಿರಗಳಿಂದ ಏಳು, ಎರಡು ನೂರುಗಳಿಂದ ಎರಡು, ಒಂಬತ್ತು ಹತ್ತುಗಳಿಂದ ಒಂಬತ್ತು, ಬಿಡಿ ಒಂಬತ್ತು. ಒಟ್ಟು 31, ಅದರಲ್ಲೂ ಒಂಬತ್ತುಗಳನ್ನು ತೆಗೆದರೆ 4. ಅಂಕಿಗಳನ್ನು ಕೂಡುವುದೆಂದರೆ ಪ್ರತಿ ಸ್ಥಾನದಲ್ಲಿ ಉಳಿದ ಅಡಿಕೆಗಳನ್ನು ಒಂದೆಡೆ ಗುಡ್ಡೆ ಹಾಕುವುದು, ಅಷ್ಟೇ. ಹನ್ನೊಂದರಲ್ಲಿ ಹತ್ತಕ್ಕೆ ಒಂದು ಕಡಿಮೆ ಬೀಳುತ್ತದೆ, ನೂರಕ್ಕೆ ಒಂದು ಹೆಚ್ಚಾಗುತ್ತದೆ, ಸಾವಿರಕ್ಕೆ ಮತ್ತೆ ಒಂದು ಕಡಿಮೆ. ಅದಕ್ಕೇ ಅಲ್ಲಿ ಒಂದು ಅಂಕಿ ಬಿಟ್ಟು ಒಂದು ಅಂಕಿಯನ್ನು ಕಳೆಯುವುದು. ನಾಲ್ಕು, ಎಂಟುಗಳದ್ದು ಇನ್ನೂ ಸುಲಭ. ನೂರು ನಾಲ್ಕರಿಂದ, ಸಾವಿರ ಎಂಟರಿಂದ ಪೂರ್ತಿ ಭಾಗ ಹೋಗುವುದರಿಂದ ಆ ಸ್ಥಾನದಿಂದ ಎಡಕ್ಕಿರುವ ಅಂಕಿಗಳನ್ನು ನೋಡುವ ಅಗತ್ಯವೇ ಇಲ್ಲ.

ಶೇಷ ಕೈಗೆ ಸಿಕ್ಕರೆ ಅದು ಕೆಲಸಕ್ಕೂ ಬರುತ್ತದೆ. 47,299ರ ದರದಲ್ಲಿ 14 ಕ್ವಿಂಟಲ್ ಅಡಿಕೆ ಮಾರಿದರೆ 6,62,186 ರೂಪಾಯಿ. ಲೆಕ್ಕ ಸರಿಯೇ? ಒಂಬತ್ತರ ಶೇಷ ಮೊದಲನೆಯದಕ್ಕೆ 4, ಎರಡನೆಯದಕ್ಕೆ 5. ಗುಣಿಸಿದರೆ 20, ಅದರ ಶೇಷ 2. ಉತ್ತರದ ಅಂಕಿಗಳ ಮೊತ್ತ 29, ಶೇಷ ಮತ್ತೆ 2. ತಾಳೆಯಾಯಿತು. ಆದರೆ ಯಾರೋ ಅವಸರದಲ್ಲಿ 6,62,168 ಎಂದು ಬರೆದಿದ್ದರೆ? ಅಂಕಿಗಳು ಅವೇ, ಜಾಗ ಮಾತ್ರ ಅದಲುಬದಲು. ಮೊತ್ತ ಬದಲಾಗದ ಕಾರಣ ಒಂಬತ್ತಕ್ಕೆ ಈ ತಪ್ಪು ಕಾಣಿಸುವುದಿಲ್ಲ. ಹನ್ನೊಂದಕ್ಕೆ ಕಾಣಿಸುತ್ತದೆ. ಬಿಡಿ ಸ್ಥಾನದಿಂದ ಕೂಡುತ್ತ ಕಳೆಯುತ್ತ ಹೋದರೆ ಸರಿಯಾದ ಮೊತ್ತದ ಶೇಷ 8, ತಪ್ಪು ಮೊತ್ತದ್ದು 1. ಪಕ್ಕಪಕ್ಕದ ಎರಡು ಬೇರೆ ಅಂಕಿಗಳು ಸ್ಥಾನ ಬದಲಿಸಿದರೆ ಹನ್ನೊಂದರ ಶೇಷ ಬದಲಾಗಲೇಬೇಕು. ಪುಸ್ತಕಗಳ ಹಿಂಬದಿಯಲ್ಲಿದ್ದ ಹತ್ತಂಕಿಯ ಐಎಸ್‌ಬಿಎನ್‌ನಲ್ಲಿ ಹನ್ನೊಂದರ ಶೇಷವನ್ನು ಕಾವಲಿಗೆ ಇಟ್ಟದ್ದರ ಲಾಭವೂ ಇದೇ. ‘ಭಾಗ ಹೋಗುತ್ತದೆಯೇ’ ಎಂದಷ್ಟೇ ಕೇಳಿದ್ದರೆ ಈ ಯಾವುದೂ ಸಿಗುತ್ತಿರಲಿಲ್ಲ. ಇಲ್ಲಿರುವ ಯಾವ ಸಂಖ್ಯೆಯೂ ಒಂಬತ್ತರಿಂದಾಗಲಿ ಹನ್ನೊಂದರಿಂದಾಗಲಿ ಭಾಗ ಹೋಗುವುದೇ ಇಲ್ಲ.

ಈಗ ಏಳು. ಟ್ಯೂಷನ್ನುಗಳಲ್ಲಿ ಹೇಳಿಕೊಡುವ ನಿಯಮ ಒಂದಿದೆ: ಕೊನೆಯ ಅಂಕಿಯನ್ನು ಇಮ್ಮಡಿಸಿ ಉಳಿದದ್ದರಿಂದ ಕಳೆಯಿರಿ. 4,729ರಿಂದ 18 ಕಳೆದರೆ 4,711. 471ರಿಂದ 2 ಕಳೆದರೆ 469. 46ರಿಂದ 18 ಕಳೆದರೆ 28. ಏಳು ನಾಲ್ಕಲಿ ಇಪ್ಪತ್ತೆಂಟು, ಆದ್ದರಿಂದ 47,299 ಏಳರಿಂದ ಭಾಗ ಹೋಗುತ್ತದೆ. ಉತ್ತರ ಸರಿ. ಆದರೆ ಒಂದೇ ರೂಪಾಯಿ ಹೆಚ್ಚಿಸಿ 47,300 ತೆಗೆದುಕೊಳ್ಳಿ. ಶೇಷ 1 ಬರಬೇಕು. ನಿಯಮದಂತೆ ಸೊನ್ನೆಗಳು ಉದುರಿ 473, ಅಲ್ಲಿಂದ 47 ಕಳೆ 6, ಅಂದರೆ 41. ಅದರ ಶೇಷ 6! ಎಲ್ಲಿ ತಪ್ಪಿತು? ತಪ್ಪಲಿಲ್ಲ, ಈ ನಿಯಮ ಶೇಷವನ್ನು ಕಾಯುವುದೇ ಇಲ್ಲ. ಕೊನೆಯ 9ನ್ನು ಇಮ್ಮಡಿಸಿ ಕಳೆದಾಗ ನಾವು ನಿಜವಾಗಿ ಮಾಡಿದ್ದು 47,299ರಿಂದ ಒಂಬತ್ತು ಇಪ್ಪತ್ತೊಂದುಗಳನ್ನು, ಎಂದರೆ 189ನ್ನು, ತೆಗೆದದ್ದು. 47,110 ಉಳಿಯಿತು. ಇಪ್ಪತ್ತೊಂದು ಏಳರದೇ ಮಗ್ಗಿಯಲ್ಲಿದೆ, ಹಾಗಾಗಿ ಇಲ್ಲಿಯವರೆಗೆ ಶೇಷಕ್ಕೆ ಧಕ್ಕೆಯಿಲ್ಲ. ಆಮೇಲೆ ಕೊನೆಯ ಸೊನ್ನೆಯನ್ನು ಅಳಿಸಿದೆವು. ಸೊನ್ನೆ ಅಳಿಸುವುದೆಂದರೆ ಹತ್ತರಿಂದ ಭಾಗಿಸುವುದು. ಹತ್ತಕ್ಕೂ ಏಳಕ್ಕೂ ಒಂದರ ಹೊರತು ಸಾಮಾನ್ಯ ಅಪವರ್ತನ ಇಲ್ಲದ್ದರಿಂದ ಭಾಜ್ಯತೆ ಉಳಿಯಿತು, ಶೇಷ ಕೆಟ್ಟಿತು. ಇಷ್ಟನ್ನು ಒಂದು ಸಲ ಹಲಗೆಯ ಮೇಲೆ ಬಿಡಿಸಿ ತೋರಿಸಿದರೆ 13, 17, 19ರ ನಿಯಮಗಳನ್ನು ಮಕ್ಕಳೇ ಕಟ್ಟಿಕೊಳ್ಳಬಲ್ಲರು.

ಶೇಷವನ್ನು ಕಾಯುವ ದಾರಿ ಬೇರೆಯಿದೆ, ಇನ್ನೂ ಸರಳವಾಗಿದೆ. ಹತ್ತರಲ್ಲಿ ಏಳು ಹೋದರೆ ಮೂರು. ಆದ್ದರಿಂದ ಎಡದ ಅಂಕಿಯಿಂದ ಹೊರಡಿ, ಮೂರರಿಂದ ಗುಣಿಸಿ, ಮುಂದಿನ ಅಂಕಿ ಸೇರಿಸಿ, ಏಳುಗಳನ್ನು ಕೈಬಿಡಿ. 47,299ರಲ್ಲಿ ನಾಲ್ಕು ಮೂರಲಿ ಹನ್ನೆರಡು, ಏಳು ಕೂಡಿ ಹತ್ತೊಂಬತ್ತು, ಉಳಿಕೆ 5. ಐದು ಮೂರಲಿ ಹದಿನೈದು, ಎರಡು ಕೂಡಿ ಹದಿನೇಳು, ಉಳಿಕೆ 3. ಮುಂದೆ 18, ಉಳಿಕೆ 4. ಕೊನೆಗೆ 21, ಉಳಿಕೆ ಸೊನ್ನೆ. ಇದು ಭಾಗಾಕಾರವೇ ಅಲ್ಲವೇ, ಭಾಗಲಬ್ಧ ಬರೆದಿಲ್ಲ ಅಷ್ಟೇ ಎಂದು ಯಾರಾದರೂ ಆಕ್ಷೇಪಿಸಬಹುದು. ಹೌದು, ಭಾಗಾಕಾರವೇ. ಅದನ್ನು ಮಗು ತಾನೇ ಕಂಡುಕೊಂಡ ದಿನ, ಮೂರನೇ ತರಗತಿಯಿಂದ ಯಾಂತ್ರಿಕವಾಗಿ ಮಾಡುತ್ತ ಬಂದ ಭಾಗಾಕಾರ ಯಾಕೆ ಕೆಲಸ ಮಾಡುತ್ತದೆ ಎಂಬುದೂ ಅದಕ್ಕೆ ತಿಳಿಯುತ್ತದೆ.

ಸಂಖ್ಯೆ ಇನ್ನೂ ದೊಡ್ಡದಾದರೆ 1001 ನೆರವಿಗೆ ಬರುತ್ತದೆ. ಏಳು, ಹನ್ನೊಂದು, ಹದಿಮೂರರ ಗುಣಲಬ್ಧ ಅದು. ಸಾವಿರಕ್ಕೆ ಒಂದು ಕಡಿಮೆ ಬೀಳುವುದರಿಂದ ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ ಕೂಡುತ್ತ ಕಳೆಯುತ್ತ ಹೋಗಬಹುದು. ನಮ್ಮ ಲಕ್ಷ-ಕೋಟಿಯ ಅಲ್ಪವಿರಾಮಗಳು ಎರಡೆರಡು ಅಂಕಿಗೆ ಬೀಳುವುದರಿಂದ ಗುಂಪನ್ನು ನಾವೇ ಹೊಸದಾಗಿ ಗುರುತಿಸಿಕೊಳ್ಳಬೇಕು. ಈ ಬಗೆಯ ಸಂಖ್ಯೆಗಳ ಸೊಗಸು ಕನ್ನಡ ನೆಲಕ್ಕೆ ಹೊಸತಲ್ಲ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. 14,28,57,143ನ್ನು 7ರಿಂದ ಗುಣಿಸಿದರೆ 1,00,00,00,001. ಆ ಸಂಖ್ಯೆ 1001ರಿಂದಲೂ ಪೂರ್ತಿ ಭಾಗ ಹೋಗುತ್ತದೆ. ಇಂದು ಶಿರಸಿ ತಾಲ್ಲೂಕಿನಲ್ಲಿರುವ ಬನವಾಸಿ ಆಗ ಅಮೋಘವರ್ಷನ ರಾಜ್ಯದೊಳಗೇ ಇತ್ತು.

‘ವೇದ ಗಣಿತ’ದಲ್ಲಿ ಇದೆಲ್ಲ ಆಗಲೇ ಇದೆಯಲ್ಲ, ಹೊಸದೇನು ಎಂದು ಕೇಳುವವರಿದ್ದಾರೆ. ಪುರಿಯ ಶಂಕರಾಚಾರ್ಯರಾಗಿದ್ದ ಭಾರತೀಕೃಷ್ಣತೀರ್ಥರ ಪುಸ್ತಕ ಅವರ ನಿಧನಾನಂತರ 1965ರಲ್ಲಿ ಹೊರಬಂತು. ಏಳಕ್ಕೆ ಕೊನೆಯ ಅಂಕಿಯನ್ನು ಐದರಿಂದ ಗುಣಿಸಿ ಕೂಡುವ ವಿಧಾನ ಅದರಲ್ಲಿದೆ. ವಿಧಾನ ಸರಿಯಾದದ್ದೇ; ಐವತ್ತರಲ್ಲಿ ಏಳುಗಳು ಹೋದರೆ ಒಂದು ಉಳಿಯುತ್ತದೆ ಎಂಬುದು ಅದರ ಆಧಾರ. ಆ ಪುಸ್ತಕದ ಸೂತ್ರಗಳು ವೇದದಲ್ಲಿ ಸಿಗುವುದಿಲ್ಲ ಎಂದು ಗಣಿತಜ್ಞ ಎಸ್.ಜಿ. ದಾನಿ ವಿವರವಾಗಿ ಬರೆದಿದ್ದಾರೆ. ಆ ವಾದ ಹೇಗೇ ಇರಲಿ, ತರಗತಿಯ ಮಟ್ಟಿಗೆ ನನ್ನ ತಕರಾರು ಬೇರೆ. ಕಾರಣ ಬಿಟ್ಟು ಕಲಿಸಿದರೆ ಇದೂ ಇನ್ನೊಂದು ಮಂತ್ರವಾಗುತ್ತದೆ, ಮತ್ತು ಇದೂ ಶೇಷವನ್ನು ಕಾಯುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಮಲೆನಾಡಿನ ಸಣ್ಣ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸಬೇಕಾಗುತ್ತದೆ; ಅವರಿಗೆ ಅಂಗಳದಲ್ಲಿ ಅಡಿಕೆ ಎಣಿಸಿ ತೋರಿಸುವಷ್ಟು ಸಮಯವೆಲ್ಲಿ? ಒಂಬತ್ತು ನಿಯಮಗಳನ್ನು ಬರೆಸಿದರೆ ಒಂದು ಪಿರಿಯಡ್ಡಿನಲ್ಲಿ ಪಾಠ ಮುಗಿಯುತ್ತದೆ. ಮುಗಿಯುತ್ತದೆ, ನಿಜ. ಆದರೆ ಮರುವರ್ಷ ಆ ನಿಯಮಗಳು ಒಂದಕ್ಕೊಂದು ಕಲಸಿಹೋಗುತ್ತವೆ. 2ರಿಂದಲೂ 4ರಿಂದಲೂ ಭಾಗ ಹೋದದ್ದು 8ರಿಂದಲೂ ಹೋಗಬೇಕು ಎಂದು ಮಗು ಬರೆಯುತ್ತದೆ. 12 ಅದನ್ನು ಸುಳ್ಳಾಗಿಸುತ್ತದೆ. ಕಾರಣ ಗೊತ್ತಿದ್ದ ಮಗು ಮರೆತ ನಿಯಮವನ್ನು ನಿಂತಲ್ಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಒಂಬತ್ತು ಬಾಯಿಪಾಠಗಳ ಜಾಗದಲ್ಲಿ ಒಂದು ಅರಿವು ಕಲಿಸುವುದು ಶಿಕ್ಷಕರ ಹೊರೆಯನ್ನು ಇಳಿಸುವ ಕೆಲಸ. ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಬೇಕೇ ಎನ್ನುವವರಿಗೂ ಉತ್ತರವಿದೆ: 18,47,313ನ್ನು ಮೊಬೈಲಿನಲ್ಲಿ ಏಳರಿಂದ ಭಾಗಿಸಿದರೆ 263901.857142 ಎಂದು ದಶಮಾಂಶದ ಬಾಲ ಬೆಳೆಯುತ್ತ ಹೋಗುತ್ತದೆ. ಬೇಕಾದದ್ದು ಶೇಷ, ಅದು ಆ ಬಾಲದಲ್ಲಿ ಅಡಗಿಕೊಂಡಿರುತ್ತದೆ.

ಆ ಸಂಖ್ಯೆ ಎಲ್ಲಿಯದು ಎಂದು ಹೇಳಬೇಕು. ಉತ್ತರ ಕನ್ನಡದ ಮನೆಗಳಲ್ಲಿ ಕುಮಟಾ ಕಡೆಯ ಬಗ್ಗೋಣ ಪಂಚಾಂಗ ಬಳಕೆಯಲ್ಲಿದೆ. ಪಂಚಾಂಗ ಗಣಿತದ ಹಳೆಯ ಬುನಾದಿ ಅಹರ್ಗಣ, ಅಂದರೆ ಕಲಿಯುಗದ ಆರಂಭದಿಂದ ಕಳೆದ ದಿನಗಳ ಎಣಿಕೆ. ಆ ಆರಂಭವನ್ನು ಕ್ರಿ.ಪೂ. 3102ರ ಫೆಬ್ರುವರಿ 18, ಶುಕ್ರವಾರ ಎಂದು ಲೆಕ್ಕ ಹಾಕುತ್ತಾರೆ. ಅಹರ್ಗಣವನ್ನು ಏಳರಿಂದ ಭಾಗಿಸಿ, ಶೇಷವನ್ನು ಶುಕ್ರವಾರದಿಂದ ಎಣಿಸಿದರೆ ವಾರ ಸಿಗುತ್ತದೆ. 1947ರ ಆಗಸ್ಟ್ 15ಕ್ಕೆ ಕಳೆದ ದಿನಗಳು 18,43,947. ಮೂರು ಮೂರು ಅಂಕಿಯ ಗುಂಪು ಮಾಡಿ: 947ರಲ್ಲಿ 843 ಕಳೆದು 1 ಕೂಡಿದರೆ 105, ಏಳು ಹದಿನೈದಲಿ. ಶೇಷ ಸೊನ್ನೆ, ಶುಕ್ರವಾರ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಮುಂಬೈ ರಾಜ್ಯದಿಂದ ಬಿಡುಗಡೆಗೊಂಡು ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ರಂದು. ಆ ದಿನದ ಎಣಿಕೆ 18,47,313. ಎಡದಿಂದ ಹೊರಡೋಣ: 1, ಮೂರು ಪಟ್ಟು ಮಾಡಿ 8 ಸೇರಿಸಿದರೆ 11, ಉಳಿಕೆ 4, ಮುಂದೆ 16, ಉಳಿಕೆ 2, 13, ಉಳಿಕೆ 6, 21, ಉಳಿಕೆ ಸೊನ್ನೆ, 1, ಕೊನೆಗೆ 6. ಶುಕ್ರವಾರದಿಂದ ಆರು ದಿನ ಮುಂದೆ ಎಣಿಸಿದರೆ ಗುರುವಾರ.